ಡೇಟ್‌ಬಾರ್ ಡಬ್ಬಿ

ಮಾತ್ರೆಯ ಸ್ಟ್ರಿಪ್ಪಿನ ಬೆನ್ನನ್ನು ತಾವು ಎಂದಾದರೂ ಶ್ರದ್ಧೆಯಿಂದ ಓದಿದ್ದುಂಟೆ? ಹೊಳೆಯುವ ಬೆಳ್ಳಿಹಾಳೆಯ ಮೇಲೆ ಔಷಧದ ಹೆಸರು, ತಯಾರಿಸಿದವರ ವಿಳಾಸ, ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿ ಇಡಬೇಕೆಂಬ ಉಪದೇಶ, ಇವೆಲ್ಲ ಢಾಳಾದ ಶಾಯಿಯಲ್ಲಿ ಅಚ್ಚಾಗಿರುತ್ತವೆ. ಅದರ ಆಯುಷ್ಯ ಎಲ್ಲಿಯವರೆಗೆ ಎಂಬ ಮುಖ್ಯ ಸಂಗತಿಯನ್ನು ಮಾತ್ರ ಎಲ್ಲೋ ಅಂಚಿನಲ್ಲಿ, ಶಾಯಿಯ ಖರ್ಚೂ ಇಲ್ಲದೆ, ಉಗುರಿನಿಂದ ಒತ್ತಿದಂತೆ ಮೂಡಿಸಿರುತ್ತಾರೆ. ಅದನ್ನು ಓದಬೇಕಾದರೆ ಕಿಟಕಿಯ ಬಳಿ ಹೋಗಿ, ಸ್ಟ್ರಿಪ್ಪನ್ನು ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಮುಹೂರ್ತ ಹುಡುಕುವ ಪುರೋಹಿತರ ಗಾಂಭೀರ್ಯದಿಂದ ನಿಲ್ಲಬೇಕು. ಪೂರ್ತಿ ಸ್ಟ್ರಿಪ್ ಬೇಡ, ನಾಲ್ಕೇ ಮಾತ್ರೆ ಸಾಕು ಎಂದರೆ ಮೆಡಿಕಲ್ ಶಾಪಿನವರ ಕತ್ತರಿ ಬೀಳುವುದೂ ಸರಿಯಾಗಿ ಆ ಅಂಚಿಗೇ. ಹೆಸರನ್ನು ಎಲ್ಲರಿಗೂ ಕಾಣುವಂತೆ, ಆಯುಷ್ಯವನ್ನು ಯಾರಿಗೂ ಕಾಣದಂತೆ ಬರೆಯುವ ಈ ಪದ್ಧತಿಯನ್ನು ಔಷಧ ತಯಾರಿಸುವವರು ಬ್ರಹ್ಮನಿಂದಲೇ ಕಲಿತಿರಬೇಕು ಎಂದು ನಾನು ಬಹಳ ಕಾಲ ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ನಾನು ಕನ್ನಡ ಮೇಷ್ಟ್ರು. ಶೃಂಗೇರಿಯಲ್ಲಿ ಕೆಲವು ವರ್ಷ, ನರಸಿಂಹರಾಜಪುರದಲ್ಲಿ ಕೆಲವು ವರ್ಷ ಮಕ್ಕಳಿಗೆ ಛಂದಸ್ಸಿನ ಮಾತ್ರೆಗಳನ್ನು ಎಣಿಸಲು ಕಲಿಸಿ, ನಿವೃತ್ತನಾಗಿ ಕೊಪ್ಪದಲ್ಲಿ ಮನೆ ಮಾಡಿದ ಮೇಲೆ ಇನ್ನೊಂದು ಬಗೆಯ ಮಾತ್ರೆಗಳತ್ತ ಒಲಿದವನು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ, ಡಾಕ್ಟರು ಬರೆದುಕೊಟ್ಟು, ಕಾಯಿಲೆ ವಾಸಿಯಾಗಿ ಮಾತ್ರೆ ಉಳಿದರೆ ಅದನ್ನು ಎಸೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅನ್ನದ ಅಗುಳನ್ನು ಚೆಲ್ಲಬಾರದೆಂದು ಕಲಿತ ಕೈ ಔಷಧವನ್ನು ಹೇಗೆ ಚೆಲ್ಲೀತು? ಹಾಗಾಗಿ ಯಾರೋ ನೆಂಟರು ತಂದುಕೊಟ್ಟ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು, ಬಿಸ್ಕತ್ತು ಮುಗಿದ ಮಾರನೆಯ ದಿನದಿಂದಲೇ ನನ್ನ ಔಷಧಾಲಯವಾಯಿತು. ಜ್ವರದ ಮಾತ್ರೆ, ನೆಗಡಿಯ ಮಾತ್ರೆ, ಅರ್ಧ ಉಳಿದ ಕೆಮ್ಮಿನ ಸಿರಪ್ಪು, ಮುಚ್ಚಳ ಅಂಟಿಕೊಂಡ ಕಣ್ಣಿನ ಡ್ರಾಪ್ಸು, ಯಾವ ರೋಗದ್ದೆಂದು ನನಗೂ ನೆನಪಿಲ್ಲದ ಹಳದಿ ಗುಳಿಗೆಗಳು, ಎಲ್ಲವೂ ಅದರಲ್ಲಿ ಒಂದೇ ಮನೆಯವರ ಹಾಗೆ ಒತ್ತಿಕೊಂಡು ಇರುತ್ತಿದ್ದವು. ನನ್ನ ಹೆಂಡತಿ ಸುಮತಿ ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. "ನಿಮ್ಮ ಡಬ್ಬಿ ಮುಚ್ಚಳ ತೆಗೆದ್ರೆ ನಂಗೆ ಆ ವಾಸನೆಗೇ ಜ್ವರ ಬರ್ತದೆ" ಎನ್ನುತ್ತಿದ್ದಳು. ಜ್ವರ ಬಂದರೆ ಅದಕ್ಕೂ ಡಬ್ಬಿಯಲ್ಲಿ ಮಾತ್ರೆ ಇದೆ ಎಂಬುದು ನನ್ನ ಸಿದ್ಧ ಉತ್ತರ.

ಅವೆಲ್ಲ ಡೇಟ್‌ಬಾರ್ ಆಗಿವೆ ಎಂದು ಆಕ್ಷೇಪಿಸಿದವರಿಗೆ ಹೇಳಲು ನನ್ನಲ್ಲಿ ಒಂದು ಸಿದ್ಧಾಂತವೇ ಇತ್ತು. ನಮ್ಮ ಸೀಮೆಯಲ್ಲಿ ಯಾವ ಒಳ್ಳೆಯ ವಸ್ತು ಹೊಸದಾಗಿದೆ ಹೇಳಿ? ಅಕ್ಕಿ ಹಳೆಯದಾದರೆ ಅನ್ನ ಉದುರಾಗುತ್ತದೆ, ಹುಣಸೆಹಣ್ಣು ಹಳೆಯದಾದರೆ ಸಾರಿಗೆ ಬಣ್ಣ ಬರುತ್ತದೆ, ಅರಿಷ್ಟ ಹಳೆಯದಾದಷ್ಟೂ ಗುಣ ಎಂದು ಪಂಡಿತರೇ ಹೇಳುತ್ತಾರೆ. ಇನ್ನು ನನ್ನ ಅಕ್ಕನ ಭರಣಿಯ ಕಥೆಯನ್ನಂತೂ ಕೇಳಲೇಬೇಡಿ. ಹಿರೇಕೊಡಿಗೆಯಲ್ಲಿರುವ ನನ್ನ ಸಾವಿತ್ರಕ್ಕನ ಅಟ್ಟದಲ್ಲಿ, ನಮ್ಮ ಅಮ್ಮ ಉಪ್ಪಿಗೆ ಹಾಕಿಟ್ಟಿದ್ದ ಕಂಚಿಕಾಯಿಯ ಭರಣಿಯೊಂದಿದೆ. ಅಮ್ಮ ಹೋಗಿ ಎಷ್ಟೋ ಕಾಲವಾದರೂ ಅದು ಕಪ್ಪಗೆ, ಡಾಂಬರಿನ ಹಾಗೆ, ಇನ್ನೂ ಜೀವಂತವಾಗಿದೆ. ಬಸುರಿಯರ ವಾಕರಿಕೆಗೆ, ಜ್ವರ ಬಿಟ್ಟವರ ಕಹಿಬಾಯಿಗೆ ಅದರ ಒಂದು ಚೂರನ್ನು ಅಕ್ಕ ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಾಳೆ. ಅದು ನಾಟದ ನಾಲಿಗೆಯನ್ನು ನಾನು ಕಂಡಿಲ್ಲ. ಅಮ್ಮನ ಕಂಚಿಕಾಯಿಗೆ ಇಲ್ಲದ ಡೇಟು ಈ ಸುಣ್ಣದ ಬಿಲ್ಲೆಗೆ ಯಾಕೆ, ಹಳೆಯದನ್ನು ಎಸೆಸಿ ಹೊಸದನ್ನು ಮಾರುವ ಉಪಾಯವದು ಎಂದು ನಾನು ವಾದಿಸುತ್ತಿದ್ದೆ. ಮಾತ್ರೆಗಳು ಡೇಟ್ ಮುಗಿದ ಮೇಲೂ ಕೆಲಸ ಮಾಡುತ್ತವೆಂದು ಎಲ್ಲೋ ಓದಿದ್ದೂ ಬೆಂಬಲಕ್ಕಿತ್ತು. ಉಪ್ಪಿನಕಾಯಿಯ ನ್ಯಾಯವನ್ನು ಮಾತ್ರೆಗೆ ಹಚ್ಚುವ ತರ್ಕ ನಮ್ಮ ಕಡೆಯವರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು?

ಡಬ್ಬಿಯಲ್ಲಿ ಇಟ್ಟುಕೊಂಡದ್ದಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ನನಗೆ ಕೊಡುವ ಚಟವೂ ಇತ್ತು. ಮದುವೆ, ಉಪನಯನ, ಸತ್ಯನಾರಾಯಣ ಕಥೆ, ಎಲ್ಲಿಗೆ ಹೋಗುವಾಗಲೂ ಡಬ್ಬಿ ನನ್ನ ಚೀಲದಲ್ಲಿರುತ್ತಿತ್ತು. ಪಂಕ್ತಿಯಲ್ಲಿ ಯಾರಾದರೂ ಹಣೆ ಒತ್ತಿಕೊಂಡರೆ ಸಾಕು, ಹೋಳಿಗೆ ಬಡಿಸುವವರಿಗಿಂತ ಮುಂಚೆ ನಾನು ಅವರ ಎದುರು ನಿಲ್ಲುತ್ತಿದ್ದೆ. ಪಡೆದವರು ಮುಂದಿನ ಸಲ ಸಿಕ್ಕಾಗ "ನಿಮ್ಮ ಕೈಗುಣ ಮೇಷ್ಟ್ರೇ, ಆವತ್ತೇ ಕಡಿಮೆ ಆಯ್ತು" ಎಂದರೆ ನನಗೆ ಆ ದಿನದ ಊಟ ಬೇರೆ ಬೇಕಾಗುತ್ತಿರಲಿಲ್ಲ. ಬೇಡವೆಂದವರು ಯಾರೂ ಇಲ್ಲ. ಯಾಕೆ ಇಲ್ಲ ಎಂಬ ಪ್ರಶ್ನೆ ನನ್ನಂಥ ವಿದ್ವಾಂಸನ ತಲೆಗೆ ಒಮ್ಮೆಯೂ ಹೋಗಲಿಲ್ಲ.

ಹೋದ ವೈಶಾಖದಲ್ಲಿ ಮೇಗುಂದದ ಕಡೆ ಸಾವಿತ್ರಕ್ಕನ ಮೈದುನನ ಹೊಸ ಮನೆಯ ಗೃಹಪ್ರವೇಶ. ಅಕ್ಕ, ಭಾವ, ಸುಮತಿ, ನಾನು ಬೆಳಿಗ್ಗೆ ಒಂದೇ ಕಾರಿನಲ್ಲಿ ಹೊರಟೆವು. ಅಕ್ಕನಿಗೆ ಹೃದಯದ ತೊಂದರೆ ಮೊದಲೇ ಇತ್ತು. ಎದೆ ಹಿಡಿದಂತಾದರೆ ನಾಲಿಗೆಯ ಅಡಿ ಇಟ್ಟುಕೊಳ್ಳಲು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಊರು ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ಅವಳು ತನ್ನ ಕೈಚೀಲ ತಡಕಾಡಿ, ರೇಷ್ಮೆ ಸೀರೆಗೆ ಹೊಂದಲೆಂದು ಚೀಲ ಬದಲಾಯಿಸುವಾಗ ಮಾತ್ರೆ ಹಳೆಯದರಲ್ಲೇ ಉಳಿದಿದೆ ಎಂದಳು. ಭಾವ ತಕ್ಷಣ ಕಾರು ನಿಧಾನ ಮಾಡಿದರು. ತಿರುಗಿಸಿ ತಂದರೆ ಆಗುತ್ತಿತ್ತು. "ಅದಕ್ಕೆಲ್ಲ ಯಾಕೆ ವಾಪಸ್ ಹೋಗೋದು ಭಾವ, ನನ್ನ ಡಬ್ಬೀಲಿ ಅದೇ ಮಾತ್ರೆ ಇದೆ, ನಾನಿಲ್ವಾ?" ಎಂದದ್ದು ನಾನು. ಡಬ್ಬಿಯ ಮೇಲೆ ತಟ್ಟಿ ಸದ್ದನ್ನೂ ಕೇಳಿಸಿದೆ. ಆ ಸದ್ದು ಈಗ ನೆನಪಾದರೆ ಕುತ್ತಿಗೆ ಬಗ್ಗುತ್ತದೆ.

ಮಾತ್ರೆ ಇದ್ದದ್ದು ಸುಳ್ಳಲ್ಲ. ನರಸಿಂಹರಾಜಪುರದಲ್ಲಿ ಕೆಲಸದಲ್ಲಿದ್ದಾಗ ನನಗೊಮ್ಮೆ ಎದೆ ಉರಿದು, ಅದು ಹಲಸಿನಕಾಯಿಯ ಹುಳಿಯ ಪ್ರಭಾವವೆಂದು ತಿಳಿಯುವ ಮೊದಲು ಮುನ್ನೆಚ್ಚರಿಕೆಗೆಂದು ಕೊಟ್ಟಿದ್ದ ಮಾತ್ರೆಗಳವು. ಬೇಗ ಕೈಗೆ ಸಿಗಲೆಂದು ಅವನ್ನು ಅವುಗಳ ಶೀಶೆಯಿಂದ ಸುರಿದು ಖಾಲಿಯಾದ ವಿಭೂತಿ ಕರಡಿಗೆಯಲ್ಲಿ ತುಂಬಿಟ್ಟಿದ್ದೆ. ಶೀಶೆಯ ಜೊತೆಗೆ ಡೇಟೂ ಹೋಯಿತು. ಎಷ್ಟೋ ಮಳೆಗಾಲದ ಥಂಡಿ ಕುಡಿದ ಆ ಮಾತ್ರೆಗಳು ನನ್ನ ಕಣ್ಣಿಗೆ ಪ್ರತಿ ವರ್ಷ ಇನ್ನಷ್ಟು ಹಣ್ಣಾಗುತ್ತಿದ್ದವು.

ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಅಕ್ಕ ಗೋಡೆಗೆ ಒರಗಿ ಕೂತಳು. ಮುಖ ಬಿಳಿಚಿ, ಮೂಗಿನ ಮೇಲೆ ಬೆವರು ಕಟ್ಟಿತ್ತು. ಹೆಂಗಸರು ಗಾಳಿ ಹಾಕಿದರು, ಯಾರೋ ನೀರು ತಂದರು. ನಾನು ಮಾತ್ರ ರಂಗಪ್ರವೇಶಕ್ಕೆ ಕಾದಿದ್ದವನಂತೆ ಗುಂಪು ಸರಿಸಿಕೊಂಡು ಬಂದು, ಕರಡಿಗೆ ಬಿಚ್ಚಿ, ಅಕ್ಕನ ನಾಲಿಗೆಯ ಅಡಿ ಮಾತ್ರೆ ಇಟ್ಟೆ. ಭಾವ ಆಗಲೇ ಕಾರಿನ ಕೀಲಿ ಹಿಡಿದು ನಿಂತಿದ್ದರು. "ಕೊಪ್ಪಕ್ಕೆ ಹೊರಡುವಾ" ಎಂದರು. ನಾನು ಕೈ ಅಡ್ಡ ಹಿಡಿದು, "ಈಗ ಅಲುಗಾಡಿಸೋದು ಬೇಡ. ಮಾತ್ರೆ ಕೆಲಸ ಮಾಡ್ಲಿ, ತಾಳಿ. ಈಗ ಸರಿ ಆಗ್ತದೆ" ಎಂದೆ. ಮೇಷ್ಟ್ರು ಹೇಳಿದ ಮೇಲೆ ಎಲ್ಲರೂ ತಾಳಿದರು. ಅಕ್ಕನ ಕಣ್ಣು ನನ್ನನ್ನೇ ನೋಡುತ್ತಿತ್ತು. ಸರಿಯಾಗುತ್ತಿದೆಯಾ ಎಂದು ಕೇಳಿದೆ, ಅವಳು ನಿಧಾನವಾಗಿ ತಲೆಯಾಡಿಸಿದಳು. ಇನ್ನೊಂದು ಮಾತ್ರೆ ಇಟ್ಟೆ, ಮತ್ತೆ ಕಾದೆವು. ಬಡಿಸಿದ ಸಾರು ಎಲೆಗಳ ಮೇಲೆ ಆರಿತು. ಕೊನೆಗೆ ಅಕ್ಕ ಪಕ್ಕಕ್ಕೆ ಜಾರಿದಾಗ ಭಾವ ಇನ್ನು ನನ್ನ ಮಾತಿಗೆ ಕಾಯದೆ ಅವಳನ್ನು ಎತ್ತಿಸಿಕೊಂಡು ಹೊರಟರು.

ಕೊಪ್ಪದಲ್ಲಿ ಡಾಕ್ಟರು ಇಸಿಜಿ ಮಾಡಿ, ಚುಚ್ಚುಮದ್ದು ಕೊಟ್ಟು, ಶಿವಮೊಗ್ಗಕ್ಕೆ ಕಳಿಸುವ ಏರ್ಪಾಟು ಮಾಡುತ್ತಲೇ, ಮೊದಲು ಏನಾದರೂ ಮಾತ್ರೆ ಕೊಟ್ಟಿದ್ದಿರಾ ಎಂದು ಕೇಳಿದರು. ಆಗಲೂ ನಾನು ಹೆಮ್ಮೆಯಿಂದಲೇ ಕರಡಿಗೆ ಮುಂದೆ ಹಿಡಿದೆ ಎಂಬುದನ್ನು ನೀವು ನಂಬಬೇಕು. ಅವರು ಒಂದು ಮಾತ್ರೆಯನ್ನು ಅಂಗೈಗೆ ಸುರಿದುಕೊಂಡರು. ಅದರ ಅಂಚು ಹಿಟ್ಟಾಗಿ ಉದುರಿತು. ಅಲ್ಲಿ ಭಾವ ಇದ್ದರು. ಡಾಕ್ಟರು ಅವರತ್ತ ಒಮ್ಮೆ ನೋಡಿ ಕರಡಿಗೆ ಮುಚ್ಚಿದರು. ಆಂಬ್ಯುಲೆನ್ಸು ಅಕ್ಕನನ್ನೂ ಭಾವನನ್ನೂ ಹತ್ತಿಸಿಕೊಂಡು ಹೋದ ಮೇಲೆ ನನ್ನನ್ನು ಒಳಗೆ ಕರೆದು ಕೂರಿಸಿ, ಇದು ಯಾವ ಕಾಲದ್ದು ಎಂದು ಕೇಳಿದರು. ನಾನು ಯಾವ ಕಾಲದ್ದೆಂದು ಹೇಳಿದೆ. ಕಂಚಿಕಾಯಿಯ ಸಿದ್ಧಾಂತವನ್ನೂ ಸ್ವಲ್ಪ ಹೇಳಲು ಹೊರಟು, ಅವರ ಮುಖ ನೋಡಿ ನಿಲ್ಲಿಸಿದೆ.

"ಡೇಟ್ ಮುಗಿದ ಮಾರನೇ ದಿನ ಮಾತ್ರೆ ವಿಷ ಆಗ್ತದೆ ಅಂತ ನಾನು ಹೇಳಲ್ಲ ಮೇಷ್ಟ್ರೇ. ಬಿಗಿಯಾದ ಸ್ಟ್ರಿಪ್ಪಲ್ಲಿರೋ ಕೆಲವು ಮಾತ್ರೆಗಳಲ್ಲಿ ಆಮೇಲೂ ಸ್ವಲ್ಪ ಕಾಲ ಸತ್ವ ಉಳೀತದೆ. ಆದ್ರೆ ಯಾವುದರಲ್ಲಿ ಉಳಿದಿದೆ, ಯಾವುದರಲ್ಲಿ ಹೋಗಿದೆ ಅಂತ ನೋಡಿ ಹೇಳೋಕೆ ನನಗೂ ಬರಲ್ಲ, ನಿಮಗೂ ಬರಲ್ಲ. ತಲೆನೋವಿನ ಮಾತ್ರೆ ಸತ್ತಿದ್ರೆ ತಲೆನೋವು ಉಳೀತದೆ, ಅಷ್ಟೇ. ಇದು ಹಾಗಲ್ಲ. ಇದನ್ನ ಶೀಶೆಯಿಂದ ತೆಗೆದು ಗಾಳಿಗೆ ಬಿಟ್ರೆ ಡೇಟ್ ಇದ್ರೂ ಉಳಿಯಲ್ಲ." ಸ್ವಲ್ಪ ತಡೆದು, ಮೇಜಿನ ಮೇಲಿನ ಕರಡಿಗೆಯನ್ನು ನೋಡುತ್ತ ಅವರು ಹೇಳಿದ್ದು ಇಷ್ಟು: "ಮಾತ್ರೆ ಏನೂ ಮಾಡ್ಲಿಲ್ಲ. ಮಾಡ್ತದೆ ಅಂತ ನೀವೆಲ್ಲ ಕಾದ್ರಲ್ಲ, ಅದು ಮಾಡ್ತು."

ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟೆ. ತಮ್ಮ ಕಸದ ಜೊತೆ ಸರಿಯಾಗಿ ನಾಶ ಮಾಡಿಸುತ್ತೇನೆಂದು ಒಳಗಿನದ್ದನ್ನೆಲ್ಲ ಅವರು ಸುರಿದುಕೊಂಡರು. ಸುರಿಯುವಾಗ ಒಂದೊಂದನ್ನೇ ಗುರುತಿಸಿ ಹೇಳಿದರು: ಕಣ್ಣಿನ ಡ್ರಾಪ್ಸು ತೆರೆದ ಮೇಲೆ ಸ್ವಲ್ಪ ದಿನಕ್ಕೇ ಕೆಡುತ್ತದೆ, ಪುಡಿಗೆ ನೀರು ಬೆರೆಸಿ ಮಾಡಿದ ಮಕ್ಕಳ ಸಿರಪ್ಪು ಅದಕ್ಕಿಂತ ಬೇಗ, ರೋಗಾಣು ಕೊಲ್ಲುವ ಮಾತ್ರೆಯನ್ನು ಅರ್ಧಂಬರ್ಧ ನುಂಗಿಸಿದರೆ ರೋಗವೇ ಗಟ್ಟಿಯಾಗುತ್ತದೆ. ಆ ಡ್ರಾಪ್ಸನ್ನು ನಾನು ಯಾರ ಕಣ್ಣಿಗೆಂದು ಕೊಟ್ಟಿದ್ದೆ, ಆ ಸಿರಪ್ಪನ್ನು ಯಾವ ಮಗುವಿಗೆಂದು ಕೊಟ್ಟಿದ್ದೆ ಎಂಬುದೆಲ್ಲ ನೆನಪಾಗಿ, ಖಾಲಿ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿನ ಮುಂದೆ ನಡೆದು ಬರುವಾಗ ಎದುರಾದವರ ಮುಖ ನೋಡಲು ನಾಚಿಕೆಯಾಯಿತು.

ಅಕ್ಕ ಬದುಕಿಬಂದಳು. ಆದರೆ ಹೃದಯದ ಒಂದು ಭಾಗ ಸೋತಿದೆ, ಇನ್ನಷ್ಟು ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದು ಶಿವಮೊಗ್ಗದಲ್ಲಿ ಹೇಳಿದರಂತೆ. ಅವಳ ಮನೆ ರಸ್ತೆಯಿಂದ ಕೆಳಗಿದೆ. ಮೊದಲು ಆ ಏರನ್ನು ಹತ್ತಿ ಬಸ್ಸು ಹಿಡಿದು, ಹರಿಹರಪುರದಲ್ಲಿ ಇಳಿದು ಯಾರನ್ನೋ ಮಾತಾಡಿಸಿ, ಮಧ್ಯಾಹ್ನದೊಳಗೆ ಕೊಪ್ಪದ ನಮ್ಮ ಮನೆಯ ಬಾಗಿಲಲ್ಲಿ "ಮಾಣೀ" ಎಂದು ಕೂಗುತ್ತಿದ್ದವಳು ಈಗ ಅಂಗಳ ದಾಟಿದರೆ ಕೂರುತ್ತಾಳೆ. ಮೊಮ್ಮಕ್ಕಳನ್ನು ಕಂಡ ನನ್ನನ್ನು ಇನ್ನೂ ಚಿಕ್ಕ ಹುಡುಗನೆಂಬಂತೆ ಮಾಣಿ ಎಂದು ಕರೆಯುವವರು ಅವಳೊಬ್ಬಳೇ. ಆ ಕೂಗು ಈಗ ನಮ್ಮ ಬಾಗಿಲಿಗೆ ಬರುವುದಿಲ್ಲ.

ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ. ಶಿವಮೊಗ್ಗದಿಂದ ಬಂದ ಭಾವ, ನನ್ನನ್ನೂ ಭಾವ ಎಂದೇ ಕರೆಯುವವರು, ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳತೊಡಗಿದರು: "ನಮ್ಮ ಭಾವ ಸಮಯಕ್ಕೆ ಸರಿಯಾಗಿ ಮಾತ್ರೆ ಇಟ್ಟಿದ್ದಕ್ಕೆ ಇವಳು ಇಷ್ಟಾದ್ರೂ ಉಳ್ದ್ಲು." ಆ ಮಾತು ಮೇಗುಂದದಿಂದ ಹೊರಟು ಕೊಪ್ಪದ ಪೇಟೆಗೆ ನನಗಿಂತ ಮೊದಲೇ ಬಂದಿತ್ತು. ಕಿರಾಣಿ ಅಂಗಡಿಯಲ್ಲಿ, ಹೇರ್ ಕಟ್ಟಿಂಗ್ ಶಾಪಿನಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ ನನ್ನನ್ನು ಕೊಂಡಾಡಿದರು. ನಾನು ಪ್ರತಿ ಸಲವೂ ಬಾಯಿ ತೆರೆದೆ, ಪ್ರತಿ ಸಲವೂ "ಎಲ್ಲಾ ದೇವರ ದಯೆ" ಎಂಬ ಮಾತೇ ಹೊರಬಂತು. ದೇವರ ತಲೆಯ ಮೇಲೆ ಹಾಕುವುದು ಎಂಥ ಸುಲಭದ ಹೇಡಿತನ ಎಂದು ಆಗ ಗೊತ್ತಾಯಿತು.

ಸುಮತಿಗೆ ಮಾತ್ರ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆಗ ನಾನು, ಡಬ್ಬಿಯಿಂದ ಪಡೆದ ಉಳಿದವರಿಗೆ ಏನಾಗಿದೆಯೋ ಎಂದು ಹಲುಬತೊಡಗಿದಾಗ, ಸಮಾಧಾನಕ್ಕೆಂದು ಅವಳು ಒಂದು ಗುಟ್ಟು ಬಿಟ್ಟಳು. "ಅಷ್ಟೆಲ್ಲ ಹೆದರಬೇಡಿ. ನಿಮ್ಮ ಮಾತ್ರೆ ನುಂಗಿದವರು ಯಾರಿದಾರೆ? ಪಕ್ಕದ ಮನೆಯವರು ಬಾಳೆ ಬುಡಕ್ಕೆ ಹಾಕ್ತಿದ್ರು. ಮಗೂಗೆ ಕೊಟ್ಟ ಸಿರಪ್ಪೂ ಅಲ್ಲಿಗೇ. ಬ್ಯಾಡ ಅಂದ್ರೆ ಮೇಷ್ಟ್ರಿಗೆ ಬೇಜಾರಾಗ್ತದೆ ಅಂತ ಇಸ್ಕೊಳ್ತಿದ್ರು ಅಷ್ಟೆ." ಇಷ್ಟು ವರ್ಷ ನನ್ನ ಕೈಗುಣವೆಂದು ನಾನು ತಿಳಿದದ್ದು ಊರವರ ದಾಕ್ಷಿಣ್ಯವಾಗಿತ್ತು. ಹೊಟ್ಟೆ ಬಿರಿಯುತ್ತಿದ್ದರೂ ಬಡಿಸುವವರ ಮನಸ್ಸು ನೋಯಬಾರದೆಂದು ಇನ್ನೊಂದು ಹೋಳಿಗೆಗೆ ಎಲೆ ಒಡ್ಡುವ ಜನ ನಮ್ಮವರು. ಔಷಧಿಗೂ ಹಾಗೆಯೇ ಕೈ ಒಡ್ಡಿದ್ದರು. ಕಡೆಗೆ ಗುಣ ಕಂಡಿದ್ದು ಆ ಬಾಳೆಗಿಡಕ್ಕೆ ಇರಬೇಕು.

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಹಿರೇಕೊಡಿಗೆಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು, ಅಟ್ಟದಿಂದ ಇಳಿಸಿದ ಕಂಚಿಕಾಯಿಯ ಭರಣಿಯ ಬಾಯಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಳು. ವರ್ಷಕ್ಕೊಮ್ಮೆ ಹಾಗೆ ಒರೆಸಿ, ಮೇಲೆ ಉಪ್ಪು ಹರವಿ, ಹೊಸ ಬಟ್ಟೆ ಕಟ್ಟಿಡುತ್ತಾಳೆ. ಹಳೆಯದು ತಾನಾಗಿ ಉಳಿಯುವುದಿಲ್ಲ, ಯಾರೋ ಉಳಿಸಿಕೊಂಡು ಬಂದಿರುತ್ತಾರೆ ಎಂಬುದು ಆ ಭರಣಿಯನ್ನು ಅಷ್ಟು ವಾದಗಳಲ್ಲಿ ಬಳಸಿದ್ದ ನನಗೆ ಅಂದು ಕಣ್ಣಿಗೆ ಬಿತ್ತು. ನಾನು ಪಕ್ಕದಲ್ಲಿ ಕೂತು ನೆಲ ನೋಡುತ್ತ, ಮಾತ್ರೆ ಡೇಟ್‌ಬಾರ್ ಆಗಿತ್ತು ಅಕ್ಕಾ, ನಾನೇ ಕಾರು ತಿರುಗಿಸಲು ಬಿಡಲಿಲ್ಲ, ಹೊರಡಲೂ ಬಿಡಲಿಲ್ಲ ಎಂದು ಹೇಗೋ ಹೇಳಿ ಮುಗಿಸಿದೆ. ಅವಳ ಕೈ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಮಾಣಿ. ಬಾಯಿಗೆ ಇಟ್ಟ ಕೂಡ್ಲೇ ಗೊತ್ತಾಯ್ತು. ನನ್ನ ಮಾತ್ರೆ ನಾಲಿಗೆ ಅಡಿ ಚುರುಚುರು ಅಂತದೆ. ನಿಂದು ಸೀಮೆಸುಣ್ಣ ಇಟ್ಟ ಹಂಗಿತ್ತು."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೆಂಗೆ ಹೇಳೋದು ಮಾರಾಯ? ಮನೆ ತುಂಬ ನೆಂಟ್ರು. ಎಲ್ಲರ ಎದುರಿಗೆ ನೀನು ಅಷ್ಟು ಧೈರ್ಯವಾಗಿ ನಿಂತಿದ್ದೆ. ಅಲ್ಲಿ ನಿನ್ನ ಮರ್ಯಾದೆ ತೆಗೆಯೋಕೆ ಮನಸ್ಸು ಬರ್ಲಿಲ್ಲ. ಸ್ವಲ್ಪ ತಡ್ಕಂಡ್ರೆ ಆಯ್ತು ಅಂತ ತಡ್ಕಂಡೆ."

ನನಗೆ ಅವಳ ಆ ತಲೆಯಾಡಿಸುವಿಕೆ ನೆನಪಾಯಿತು. ಎದೆ ಒಡೆಯುತ್ತಿದ್ದ ಹೊತ್ತಿನಲ್ಲಿ, ಸರಿಯಾಗುತ್ತಿದೆಯಾ ಎಂದು ನಾನು ಕೇಳಿದ್ದಕ್ಕೆ, ನನಗೋಸ್ಕರ ಹೌದೆಂದಿದ್ದಳು. ಊರವರ ದಾಕ್ಷಿಣ್ಯ ಬಾಳೆ ಬುಡಕ್ಕೆ ಹೋಯಿತು, ಅಕ್ಕನದ್ದು ಅವಳ ಹೃದಯಕ್ಕೇ ಹೋಯಿತು. ನಾನು ಅಲ್ಲೇ ಕೂತು ಅತ್ತೆ. ಅವಳು ಭರಣಿಯ ಬಾಯಿ ಕಟ್ಟಿ, ಕಣ್ಣೀರು ಉಪ್ಪಿನಕಾಯಿಗೆ ಬಿದ್ದರೆ ಬೂಸಲು ಬರುತ್ತದೆ, ಆಚೆ ಸರಿ ಎಂದಳು.

ಆಮೇಲೆ ಸುಮ್ಮನಿರಬಾರದೆಂದು ನಿಶ್ಚಯಿಸಿದೆ. ನವರಾತ್ರಿಯಲ್ಲಿ ಅಕ್ಕನ ಮನೆಯಲ್ಲಿ ಊಟಕ್ಕೆ ಎಲ್ಲರೂ ಸೇರಿದ್ದಾಗ ಭಾವ ಮತ್ತೆ ಅದೇ ಕಥೆ ತೆಗೆದರು. ನಾನು ಎಲೆಯ ಮುಂದಿನಿಂದಲೇ ಎದ್ದು ನಿಂತು, ಆ ಮಾತ್ರೆ ಡೇಟ್‌ಬಾರ್ ಆಗಿತ್ತು, ಅದರಿಂದ ಏನೂ ಆಗಲಿಲ್ಲ, ನನ್ನಿಂದ ತಡವಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಭಾವ ಜೋರಾಗಿ ನಕ್ಕು, "ಹೊಗಳಿದ್ರೆ ನಿಂಗೆ ಆಗೋದೇ ಇಲ್ಲ ಭಾವ, ಕೂತ್ಕೋ, ಪಾಯಸ ತಣೀತದೆ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಮೇಷ್ಟ್ರ ವಿನಯ ನೋಡಿ ಕಲೀಬೇಕು ಎಂದು ಯಾರೋ ಅಂದರು. ಭಾವ ನಿಜವಾಗಿ ನಂಬಲಿಲ್ಲವೋ, ನಂಬಿಯೂ ನನ್ನನ್ನು ಕೂರಿಸಿದರೋ, ನನಗೆ ಇವತ್ತಿಗೂ ತಿಳಿಯದು. ವೈಶಾಖದಲ್ಲೇ ಹೇಳಿದ್ದರೆ ನಾಟುತ್ತಿದ್ದ ಮಾತು ಅದು. ನವರಾತ್ರಿಯ ಹೊತ್ತಿಗೆ ಅದರ ಸತ್ವವೂ ಹೋಗಿತ್ತು.

ಡಬ್ಬಿಯಲ್ಲಿ ಈಗ ಸುಮತಿಯ ಸೂಜಿ, ನೂಲು, ಗುಂಡಿಗಳಿವೆ. ಸಮಾರಂಭಗಳಲ್ಲಿ ಯಾರಾದರೂ ಹಣೆ ಒತ್ತಿಕೊಂಡರೆ ನಾನು ಬೇರೆ ಕಡೆ ತಿರುಗಿ ಕೂರುತ್ತೇನೆ. ತಿಂಗಳಿಗೊಮ್ಮೆ ಹಿರೇಕೊಡಿಗೆಗೆ ಅಕ್ಕನ ಮಾತ್ರೆಗಳನ್ನು ನಾನೇ ಒಯ್ಯುತ್ತೇನೆ. ಸ್ಟ್ರಿಪ್ಪನ್ನು ಕತ್ತರಿಸಬೇಡಿ ಎಂದು ಮೆಡಿಕಲ್ ಶಾಪಿನಲ್ಲಿ ಹೇಳಿ, ಅಲ್ಲೇ ಬಿಸಿಲಿಗೆ ಓರೆ ಹಿಡಿದು ನೋಡಿಯೇ ತರುತ್ತೇನೆ. ಆದರೂ ಅಕ್ಕ ಪೊಟ್ಟಣ ಬಿಚ್ಚಿ, ನಾಲಿಗೆಯ ಅಡಿಯ ಮಾತ್ರೆಯ ಪುಟ್ಟ ಶೀಶೆಯಿಂದ ಹಿಡಿದು ಒಂದೊಂದನ್ನೇ ನನ್ನ ಕೈಗೆ ಕೊಡುತ್ತಾಳೆ. "ನಂಗೆ ಕಾಣೂದಿಲ್ಲ ಮಾಣಿ, ಡೇಟ್ ಎಷ್ಟಿದೆ ಓದು" ಎನ್ನುತ್ತಾಳೆ. ನಾನು ಕಿಟಕಿಯ ಬಳಿ ಹೋಗಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿಂಗಳು, ವರ್ಷ ಎರಡನ್ನೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವಳು ನಿಧಾನವಾಗಿ ತಲೆಯಾಡಿಸುತ್ತಾಳೆ. ಕನ್ನಡಕ ಅವಳ ಮೂಗಿನ ಮೇಲೆಯೇ ಇರುತ್ತದೆ.